ಎಡೆಯ ಬಾಗಿಲು ಮುಚ್ಚಿದ್ದ ಹೊತ್ತು

ಹಲಸೂರಿನಿಂದ ಕೆ.ಆರ್. ಪುರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ಆದರೂ ನಮ್ಮ ಮನೆಯಲ್ಲಿ ಅದಕ್ಕೆ ಊರಿಗೆ ಹೋಗುವುದು ಎಂದೇ ಹೆಸರು. ಬೈಯಪ್ಪನಹಳ್ಳಿ ದಾಟಿದರೆ ಬೆಂಗಳೂರು ಮುಗಿಯಿತು ಎಂದು ಎಲ್ಲರೂ ನಂಬಿದ್ದ ಕಾಲ ಅದು. ಈಗ ತೂಗುಸೇತುವೆ ಇರುವ ಕಡೆ ಆಗ ರೈಲ್ವೆ ಗೇಟಿತ್ತು. ಗೇಟು ಹಾಕಿದರೆ ಬಸ್ಸು, ಲಾರಿ, ಎತ್ತಿನಗಾಡಿ ಎಲ್ಲ ಒಂದರ ಹಿಂದೊಂದು ನಿಂತು ಧೂಳು ಕುಡಿಯಬೇಕು. ಗೇಟಿನಾಚೆ ಕೆರೆ, ಸಂತೆ ಮೈದಾನ, ರಾಗಿ ಹೊಲ, ಹೆಂಚಿನ ಮನೆಗಳು. ಅವುಗಳಲ್ಲಿ ಒಂದು ನಮ್ಮ ತಾತನದು. ನನಗೂ ನನ್ನ ತಮ್ಮ ಮಂಜುವಿಗೂ ಅದು ತಾತನ ಮನೆ. ಅಮ್ಮನಿಗೆ ಮಾತ್ರ ಅದು ಯಾವತ್ತೂ ‘ಅತ್ತೆ ಮನೆ’. ನಮ್ಮ ಮನೆ ಎಂದು ಅವಳ ಬಾಯಲ್ಲಿ ಒಂದು ಸಲವೂ ಬಂದದ್ದನ್ನು ನಾನು ಕೇಳಿಲ್ಲ.

ಅಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಶಿಫ್ಟಿಗೆ ಹತ್ತಿರವೆಂದು ಮದುವೆಯಾದ ಹೊಸತರಲ್ಲೇ ಹಲಸೂರಿನ ಒಂದು ವಠಾರಕ್ಕೆ ಬಂದು ಸೇರಿದ. ಒಂದು ಕೋಣೆ, ಒಂದು ಅಡುಗೆಮನೆ, ಮಧ್ಯೆ ಅಮ್ಮನ ಹಳೆ ಸೀರೆಯ ಪರದೆ. ಅಕ್ಕಪಕ್ಕದವರೆಲ್ಲ ತಮಿಳು ಮಾತಾಡುವವರು. ನಲ್ಲಿಯ ಹತ್ತಿರ ಜಗಳ ತಮಿಳಿನಲ್ಲಿ ಶುರುವಾಗಿ ಅಮ್ಮ ಕನ್ನಡದಲ್ಲಿ ಮುಗಿಸುತ್ತಿದ್ದಳು. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮಂಜು ಇನ್ನೂ ಅಂಬೆಗಾಲಿಡುತ್ತಿದ್ದಾಗ ಅಪ್ಪ ಜ್ವರವೆಂದು ಮಲಗಿದವನು ಏಳಲಿಲ್ಲ. ಕರ್ಮ ಮುಗಿದ ದಿನವೇ ತಾತ, ಇನ್ನೇನು ಇಲ್ಲಿಗೇ ಬಂದುಬಿಡಿ ಎಂದರಂತೆ. ಅಮ್ಮ ಬರುವುದಿಲ್ಲ ಎಂದಳು. ಶಿವಾಜಿನಗರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಹಿಡಿದಳು, ನನ್ನನ್ನು ಹಲಸೂರಿನ ಸ್ಕೂಲಿನಲ್ಲೇ ಉಳಿಸಿದಳು, ವಠಾರದ ಮನೆಯನ್ನೂ ಬಿಡಲಿಲ್ಲ. ಅವಳು ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ತಾತನ ಮಾತು ಬದಲಾಯಿತು. ನೀನು ಬರದಿದ್ದರೆ ಬೇಡ, ಮಂಜುವನ್ನು ಬಿಟ್ಟುಹೋಗು.

ಅವರ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ. ಚಿಕ್ಕಪ್ಪನಿಗೆ ಎರಡೂ ಹೆಣ್ಣು. ಮನೆಗೆ ಇದ್ದ ಗಂಡು ಕೂಸು ಮಂಜು ಒಬ್ಬನೇ. ಹೋದಾಗಲೆಲ್ಲ ಅದೇ ಮಾತು: ಇಲ್ಲೂ ಸ್ಕೂಲ್ ಇದೆ, ಹಾಲಿದೆ, ಮೊಸರಿದೆ, ಆ ಗೂಡಿನಲ್ಲಿ ಮಗು ಯಾಕೆ ಬಾಡಬೇಕು. ಅಮ್ಮನಿಗೆ ಇದ್ದ ಭಯವೂ ಒಂದೇ. ಮಂಜುವನ್ನು ಅವರು ಒಂದು ಸಲ ಇರಿಸಿಕೊಂಡರೆ ವಾಪಸು ಬರುವುದಿಲ್ಲ. ನನ್ನ ವಿಷಯದಲ್ಲಿ ಯಾರಿಗೂ ಯಾವ ಭಯವೂ ಇರಲಿಲ್ಲ, ಯಾಕೆಂದರೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಇದು ನನಗೆ ಬಹಳ ಚಿಕ್ಕ ವಯಸ್ಸಿನಲ್ಲೇ ಗೊತ್ತಿತ್ತು. ಗೊತ್ತಿದ್ದರೂ ಹೊಟ್ಟೆಯುರಿ ಹೋಗುತ್ತಿರಲಿಲ್ಲ.

ಅಷ್ಟು ಹೆದರಿಕೆ ಇದ್ದ ಮೇಲೆ ಹೋಗುವುದು ಯಾಕೆ ಎಂದು ವಠಾರದ ಹೆಂಗಸರು ಕೇಳುತ್ತಿದ್ದರು. ಅಪ್ಪನಿಗೆ ಎಡೆ ಇಡುವುದು ಅಲ್ಲಿ, ಅದಕ್ಕೆ. ಪಿತೃಪಕ್ಷದ ಎಡೆ ಎಲ್ಲರ ಮನೆಯಲ್ಲೂ ಉಂಟು. ನಮ್ಮ ತಾತನ ಮನೆತನದಲ್ಲಿ ಇನ್ನೊಂದು ಎಡೆಯೂ ಇತ್ತು, ಹೊಸ ಅವರೆಯದು. ಹೊಲದಲ್ಲಿ ಅವರೆ ಸೊಗಡು ಕಟ್ಟಿದ ಮೇಲೆ ಬರುವ ಅಮಾವಾಸ್ಯೆಯ ದಿನ ಹಿರಿಯರಿಗೆ ಹಿತಕಿದ ಬೇಳೆ ಸಾರು ಬಡಿಸಬೇಕು. ಅಲ್ಲಿಯತನಕ ಮನೆಯ ಯಾರೂ ಅವರೆ ಬಾಯಿಗೆ ಹಾಕುವಂತಿಲ್ಲ. ಹಲಸೂರಿನ ಮಾರ್ಕೆಟ್ಟಿನಲ್ಲಿ ಅವರೆಕಾಯಿ ರಾಶಿ ಬಿದ್ದಿದ್ದರೂ ಅಮ್ಮ ಅಮಾವಾಸ್ಯೆ ಕಳೆಯದೆ ಕೊಳ್ಳುತ್ತಿರಲಿಲ್ಲ. ಅತ್ತೆ ಮನೆಯ ಮೇಲೆ ಎಷ್ಟು ಕೋಪವಿದ್ದರೂ ಗಂಡನಿಗಿಂತ ಮೊದಲು ತಾನು ಉಣ್ಣಲಾರೆ ಎಂಬ ಹಟ ಅವಳದು.

ಆ ಭೇಟಿಗೆ ಅವಳು ಒಂದು ಉಪಾಯ ಮಾಡಿಕೊಂಡಿದ್ದಳು. ಅವರೆಯ ಅಮಾವಾಸ್ಯೆ ಸಾಮಾನ್ಯವಾಗಿ ಕ್ರಿಸ್‌ಮಸ್ ರಜೆಗಿಂತ ಮೊದಲೇ ಬರುತ್ತಿತ್ತು. ಬೆಳಿಗ್ಗೆ ಹೋಗುವುದು, ಎಡೆ ಮುಗಿಸಿ ಉಣ್ಣುವುದು, ನಾಳೆ ಸ್ಕೂಲಿದೆ ಎಂದು ಹೊತ್ತು ಮುಳುಗುವ ಮೊದಲು ಬಸ್ಸು ಹತ್ತುವುದು. ಸ್ಕೂಲೆಂದರೆ ತಾತನೂ ಮಾತಾಡುತ್ತಿರಲಿಲ್ಲ. ಓದಿನ ಮೇಲೆ ಅವರಿಗೆ ಗೌರವವಿತ್ತು. ಆದರೆ ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಅಮಾವಾಸ್ಯೆ ತಡವಾಗಿ ಬಂತು. ರಜೆಗೆ ಮುಂಚಿನ ಕೊನೆಯ ಸ್ಕೂಲು ದಿನಕ್ಕೇ ಸರಿಯಾಗಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಮ್ಮ ಮಂಜುವಿಗೆ ಪಾಠ ಹೇಳಿಕೊಟ್ಟಳು. ತಾತ ಕೇಳಿದರೆ ಏನನ್ನಬೇಕು? ನಾಳೆ ಸ್ಕೂಲಿದೆ. ಇನ್ನೊಂದು ಸಲ ಹೇಳು. ನಾಳೆ ಸ್ಕೂಲಿದೆ. ನನಗೆ ಯಾವ ಪಾಠವೂ ಇರಲಿಲ್ಲ. ಅಪ್ಪನಿಗೆ ಇಷ್ಟವೆಂದು ಬೇಕರಿಯಿಂದ ತಂದಿದ್ದ ದಿಲ್‌ಪಸಂದಿನ ಪೊಟ್ಟಣ ಹಿಡಿದು ಕಿಟಕಿ ಪಕ್ಕ ಕೂತಿದ್ದೆ.

ಹೋದಾಗ ನಡುಮನೆಯಲ್ಲಿ ಹೆಂಗಸರು ಆಗಲೇ ಕೂತಿದ್ದರು. ಹಿಂದಿನ ದಿನ ಸುಲಿದು ನೆನೆಹಾಕಿದ ಕಾಳು ದೊಡ್ಡ ಪಾತ್ರೆಯಲ್ಲಿ ಉಬ್ಬಿಕೊಂಡಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಅಮುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಹೊರಗೆ ಹಾರಬೇಕು. ಅಮ್ಮ ಚಪ್ಪಲಿ ಬಿಟ್ಟು, ಕಾಲು ತೊಳೆದು, ಯಾರೂ ಬಾ ಎನ್ನುವ ಮೊದಲೇ ಕೂತು ಹಿತುಕಲು ತೊಡಗಿದಳು. ಚಿಕ್ಕಮ್ಮ, ಅಂಗಡಿ ಕೆಲಸ ಹೇಗಿದೆ ಅಕ್ಕ ಎಂದು ಕೇಳಿದಳು. ಕೇಳಿದ ರೀತಿಯಲ್ಲೇ ಕೊಂಕು. ಅಮ್ಮ ಚೆನ್ನಾಗಿದೆ ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಆ ಮನೆಯಲ್ಲಿ ಹೆಂಗಸರ ಜಗಳವೆಲ್ಲ ಇಷ್ಟಿಷ್ಟೇ ಉದ್ದ, ಆದರೆ ವರ್ಷವೆಲ್ಲ ಉಳಿಯುವಂಥದ್ದು.

ಅಜ್ಜಿಯ ಬಗ್ಗೆ ಹೇಳಬೇಕು. ಮುದ್ದು ಮಾಡುವ ಜೀವವಲ್ಲ ಅದು. ಕಥೆ ಹೇಳುತ್ತಿರಲಿಲ್ಲ, ಕೆನ್ನೆ ಸವರುತ್ತಿರಲಿಲ್ಲ. ತಾತ ಮಾತಾಡುವಾಗ ಅವಳು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮಂಜುವಿಗೆ ಎಲ್ಲರೂ ಕೋಡುಬಳೆ ಕೊಡುತ್ತಿದ್ದರೆ ಅಜ್ಜಿ ನನಗೆ ಕೆಲಸ ಕೊಡುತ್ತಿದ್ದಳು. ರತ್ನಿ, ಸಿಪ್ಪೆ ಎತ್ತಿ ಹಸೂಗೆ ಹಾಕು. ರತ್ನಿ, ಒಲೆ ನೋಡು. ನನಗೆ ಅದು ಇಷ್ಟವಾಗುತ್ತಿತ್ತು ಎಂದರೆ ನೀವು ನಗಬಹುದು. ಕೆಲಸ ಹೇಳುವುದಕ್ಕಾದರೂ ನನ್ನ ಹೆಸರು ಅವಳ ನೆನಪಿನಲ್ಲಿತ್ತಲ್ಲ.

ಮಧ್ಯಾಹ್ನಕ್ಕೆ ಎಡೆ ಸಿದ್ಧವಾಯಿತು. ದೇವರ ಗೂಡಿನ ಕೆಳಗೆ ಬಾಳೆಲೆ ಹಾಸಿ, ಹಿರಿಯರಿಗೆಂದು ಹೊಸ ಪಂಚೆ, ಸೀರೆ ಮಡಿಸಿಟ್ಟು, ಮುದ್ದೆ, ಹಿತಕಿದ ಬೇಳೆ ಸಾರು, ಅನ್ನ, ವಡೆ ಬಡಿಸಿದರು. ತಾತನ ಅಪ್ಪನಿಗೆ ಒಂದು ಕಟ್ಟು ಬೀಡಿ. ನಮ್ಮಪ್ಪನ ಫೋಟೋದ ಮುಂದೆ ದಿಲ್‌ಪಸಂದ್. ತಾತ ಮೊದಲು, ಆಮೇಲೆ ಚಿಕ್ಕಪ್ಪ, ಆಮೇಲೆ ಮಂಜು, ಅನಂತರ ಹೆಂಗಸರು ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕೈಮುಗಿದರು. ಮನೆಯೆಲ್ಲ ಹೊಗೆ ತುಂಬಿಕೊಂಡ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಹಿರಿಯರು ಬಂದು ಉಣ್ಣುವ ತನಕ ಒಳಗೆ ಯಾರೂ ಇರಬಾರದು. ಜಗಲಿಯ ಮೇಲೆ ಕೂತು ಕಾಯಬೇಕು, ಎದ್ದು ಹೋಗುವಂತಿಲ್ಲ. ದನಿ ಏರಿಸುವಂತಿಲ್ಲ, ಅಳುವಂತಿಲ್ಲ, ಜಗಳವಂತೂ ಕೂಡದೇ ಕೂಡದು. ಉಣ್ಣುತ್ತಿರುವವರು ಎಲೆ ಬಿಟ್ಟು ಏಳುತ್ತಾರೆ. ಇನ್ನೂ ಒಂದು ನೇಮವಿತ್ತು. ಆ ಹೊತ್ತಿನಲ್ಲಿ ಆಡಿದ ಮಾತು ಒಳಗಿರುವವರ ಕಿವಿಗೆ ಬೀಳುತ್ತದೆ, ಅವರ ಮುಂದೆ ಕೊಟ್ಟ ಮಾತಾಗುತ್ತದೆ. ಹಾಗಾಗಿ ಸಾಧಾರಣವಾಗಿ ಯಾರೂ ಏನೂ ಮಾತಾಡುತ್ತಿರಲಿಲ್ಲ. ನಾನು ಪ್ರತಿ ವರ್ಷವೂ ಬಾಗಿಲಿಗೆ ಹತ್ತಿರ ಕೂರುತ್ತಿದ್ದೆ. ಅಪ್ಪ ಒಳಗಿದ್ದಾನೆ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅಮ್ಮನ ತವರಿನಲ್ಲೂ ಎಡೆ ಇಡುತ್ತಿದ್ದರು. ಆದರೆ ಬಾಗಿಲು ಹಾಕುವ ಪದ್ಧತಿ ಅವರಲ್ಲಿಲ್ಲ. ಅವಳಿಗೆ ಅದು ಎದ್ದು ಹೋಗಲಾಗದೆ ಕೂರಬೇಕಾದ ಹೊತ್ತು, ಅಷ್ಟೆ. ತಾತನಿಗೆ ಇದು ಗೊತ್ತಿತ್ತೇನೋ. ಆವತ್ತು ಅವರು ಮಂಜುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಾಳೆ ಸ್ಕೂಲ್ ಐತೇನೋ ಎಂದು ಮೆಲ್ಲಗೆ ಕೇಳಿದರು. ಮಂಜು ಅಮ್ಮನ ಮುಖ ನೋಡಿದ. ಆಮೇಲೆ ಬಾಗಿಲಿನ ಕಡೆ ನೋಡಿದ. ಅಪ್ಪ ಕೇಳಿಸಿಕೊಳ್ಳುತ್ತಾನೆ ಎಂದು ಅವನಿಗೆ ನಾನೇ ಹೇಳಿಕೊಟ್ಟಿದ್ದೆ. ಇಲ್ಲ ತಾತ, ನಾಳೆಯಿಂದ ರಜಾ ಎಂದುಬಿಟ್ಟ. ಅಮ್ಮ ಕಣ್ಣು ಮುಚ್ಚಿಕೊಂಡಳು.

ತಾತ ಬಹಳ ಮರ್ಯಾದೆಯಿಂದಲೇ ಮಾತು ತೆಗೆದರು.

‘ನೋಡಮ್ಮ, ಹೋದೋನು ಹೋದ. ಅವನ ಕೂಸು ಒಂದಾದ್ರೂ ಈ ಮನೇಲಿ ಓಡಾಡ್ಕೊಂಡಿರ್ಲಿ ಅಂತ ನಮಗೂ ಆಸೆ ಐತೆ. ನಿನ್ನ ಹತ್ರ ಎರಡು ಅವೆ. ಒಂದು ಬಿಟ್ಟೋಗು.’

ಗಂಡು ಎನ್ನಲಿಲ್ಲ ಅವರು. ಒಳಗೆ ಮಗ ಉಣ್ಣುತ್ತಿದ್ದಾನೆ, ಅವನಿಗೆ ಎರಡೂ ಮಕ್ಕಳೇ. ಅವನೆದುರು ಹಾಗೆ ವಿಂಗಡಿಸಿ ಹೇಳಲು ಬಾಯಿ ಬರಲಿಲ್ಲವೋ ಏನೋ. ವಠಾರದಲ್ಲಾಗಿದ್ದರೆ ಅಮ್ಮನ ಉತ್ತರ ಆಗಲೇ ಇಡೀ ಬೀದಿಗೆ ಕೇಳಿಸುತ್ತಿತ್ತು. ಇಲ್ಲಿ ದನಿ ಏರಿಸುವಂತಿಲ್ಲವಲ್ಲ. ಅವಳು ತಣ್ಣಗೆ ಹೇಳಿದಳು.

‘ಒಂದು ಮಗು ತಾನೇ ಮಾವ? ರತ್ನನ್ನ ಇಟ್ಕೊಳ್ಳಿ. ಇವತ್ತೇ ಬಿಟ್ಟು ಹೋಗ್ತೀನಿ.’

ಚಿಕ್ಕಪ್ಪ ತಲೆಯೆತ್ತಿದ. ತಾತ ನನ್ನ ಕಡೆ ಒಮ್ಮೆ ನೋಡಿ, ಮುಚ್ಚಿದ ಬಾಗಿಲಿನ ಕಡೆ ನೋಡಿದರು. ಇವಳಲ್ಲ ಎಂದು ಹೇಳಬೇಕಿತ್ತು ಅವರು. ಹೇಳುತ್ತಾರೆ ಎಂದೇ ಅಮ್ಮ ಕಾದಿದ್ದಳು. ಹೇಳಿದ್ದರೆ, ನಿಮಗೆ ಬೇಕಾಗಿರುವುದು ಮಗನ ಮಗುವಲ್ಲ, ಗಂಡು ಎಂದು ಮುಖಕ್ಕೆ ಹೊಡೆದಂತೆ ತೋರಿಸಿ, ಇನ್ನೆಂದೂ ಆ ಮಾತು ಎತ್ತದಂತೆ ಮಾಡುವುದು ಅವಳ ಲೆಕ್ಕ. ಆದರೆ ಬಾಗಿಲ ಹಿಂದೆ ಕೂತವನು ನನಗೂ ಅಪ್ಪ ಎನ್ನುವುದನ್ನು ಆ ಸಿಟ್ಟಿನಲ್ಲಿ ಅವಳು ಮರೆತಿದ್ದಳು. ಅಪ್ಪ ಕೇಳಿಸಿಕೊಳ್ಳುತ್ತಿರುವಾಗ ಅವನ ಮಗಳನ್ನು ಬೇಡ ಎನ್ನುವ ಧೈರ್ಯ ತಾತನಿಗಿರಲಿಲ್ಲ. ಮಾತಾಡಿದವಳು ಅಜ್ಜಿ.

‘ಆಯ್ತು. ರತ್ನಿ ನನಗಿರ್ಲಿ.’

ಅಮ್ಮ ಬೆಚ್ಚಿದಳು. ಅತ್ತೆ, ನಾನು ಏನೋ ಸಿಟ್ಟಲ್ಲಿ ಎಂದು ಶುರು ಮಾಡಿದಳು. ಅಜ್ಜಿ ತುಟಿಯ ಮೇಲೆ ಬೆರಳಿಟ್ಟು ಬಾಗಿಲು ತೋರಿಸಿದಳು. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ಹಾಗೆ. ಆಮೇಲೆ ತಾತ ಎದ್ದು ಚಪ್ಪಾಳೆ ತಟ್ಟಿ, ಹಿರಿಯರಿಗೆ ಏಳುವ ಸೂಚನೆ ಕೊಟ್ಟು ಬಾಗಿಲು ತೆರೆದರು. ಎಲ್ಲರೂ ಉಣ್ಣಲು ಕೂತರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ವರ್ಷವಿಡೀ ಕಾದಿದ್ದ ಸಾರು ನನ್ನ ಎಲೆಯ ಮೇಲೆ ಹರಿಯುತ್ತಿತ್ತು, ನಾನು ಅಮ್ಮನನ್ನೇ ನೋಡುತ್ತಿದ್ದೆ. ಅವಳು ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ.

ಹೊರಡುವಾಗ ತಾತ ಮಂಜುವನ್ನು ತಡೆಯಲಿಲ್ಲ. ಕೇಳಿದ್ದು ಒಂದು ಮಗು, ಸಿಕ್ಕಿತು. ಇನ್ನು ಏನೆಂದು ತಡೆಯುತ್ತಾರೆ? ಅಮ್ಮ ನನ್ನ ಲಂಗದ ಕಟ್ಟು ಬಿಗಿ ಮಾಡಿದಳು, ಬಿಗಿಯಾಗಿಯೇ ಇದ್ದದ್ದನ್ನು. ಅಜ್ಜಿ ಹೇಳಿದ ಹಾಗೆ ಕೇಳಿಕೊಂಡಿರು ಎಂದಳು. ಯಾವಾಗ ಬರ್ತೀಯ ಎಂದು ಕೇಳಿದೆ. ಅವಳು ಮಂಜುವನ್ನು ಸೊಂಟಕ್ಕೆ ಎತ್ತಿಕೊಂಡಳು. ಅಷ್ಟು ದೊಡ್ಡ ಹುಡುಗನನ್ನು ಯಾರಾದರೂ ಎತ್ತಿಕೊಳ್ಳುತ್ತಾರೆಯೇ? ನೆಲಕ್ಕೆ ಬಿಟ್ಟರೆ ಎಲ್ಲಿ ಕಿತ್ತುಕೊಳ್ಳುತ್ತಾರೋ ಎಂಬಂತೆ ಎತ್ತಿಕೊಂಡು ಬಸ್ ಸ್ಟಾಪಿನವರೆಗೂ ನಡೆದಳು. ನಾನು ಜಗಲಿಯಲ್ಲಿ ನಿಂತು ನೋಡಿದೆ. ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಪ್ಪ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ರಜೆ ಕಳೆಯಿತು. ಅಜ್ಜಿ ಸಮಾಧಾನ ಹೇಳಲಿಲ್ಲ. ಅಳು ಮುಗಿದ ಮೇಲೆ ಮುಖ ತೊಳೆದುಕೊಂಡು ಬಾ ಎಂದಳು, ಬಂದ ಮೇಲೆ ಕೆಲಸ ಕೊಟ್ಟಳು. ಅವಳ ಹಿಂದೆ ಕೆರೆಯ ಹತ್ತಿರದ ಹೊಲಕ್ಕೆ ಹೋಗಿ ಇಬ್ಬನಿಯಲ್ಲಿ ಅವರೆ ಕಿತ್ತೆ, ಸಂತೆಗೆ ಹೋಗಿ ಅವಳ ಪಕ್ಕ ಕೂತೆ, ಮುದ್ದೆ ತೊಳಸುವುದನ್ನು ಕಲಿತೆ. ಇರೋ ಹೆಣ್ಣುಗಳು ಸಾಲದು ಅಂತ ಇನ್ನೊಂದು ಎಂದು ಚಿಕ್ಕಮ್ಮ ಒಂದು ದಿನ ಗೊಣಗಿದಳು. ಅಜ್ಜಿ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ ಅವಳನ್ನು ಒಮ್ಮೆ ನೋಡಿದಳು. ಆಮೇಲೆ ಚಿಕ್ಕಮ್ಮ ಗೊಣಗಲಿಲ್ಲ. ನನಗೆ ಮಾತ್ರ ಒಂದು ಪ್ರಶ್ನೆ ಎದೆಯಲ್ಲಿ ಕೂತುಬಿಟ್ಟಿತ್ತು. ಹೊಲದ ಬದುವಿನ ಮೇಲೆ ಕೂತಿದ್ದಾಗ ಕೇಳಿಯೇಬಿಟ್ಟೆ. ಮಂಜುನ ಬಿಡಿಸಿ ಕಳ್ಸೋಕೆ ನನ್ನ ಇಟ್ಕೊಂಡ್ಯಾ ಅಜ್ಜಿ?

ಬೇರೆ ಯಾರೇ ಆಗಿದ್ದರೂ ಇಲ್ಲಮ್ಮ ಎಂದು ತಲೆ ಸವರುತ್ತಿದ್ದರು. ಅಜ್ಜಿ ಎಲೆಯಡಿಕೆ ಅಗಿಯುತ್ತಾ ಯೋಚಿಸಿದಳು.

‘ಆವತ್ತು ಅದಕ್ಕೇ ಅಂದೆ. ನಿಮ್ಮಮ್ಮನ ಹೊಟ್ಟೆ ಉರಿಸ್ಬಾರ್ದು ಅಂತ. ಈಗ ನಿನ್ನ ಕಳ್ಸೋಕೆ ನನಗೆ ಮನಸ್ಸು ಬರ್ತಾ ಇಲ್ಲ.’

ಅಷ್ಟು ಹೇಳಿ ಎದ್ದು ಸೀರೆ ಕೊಡವಿಕೊಂಡಳು. ಅವಳು ಸುಳ್ಳು ಹೇಳಿದ್ದರೆ ನಾನು ಮರೆತುಬಿಡುತ್ತಿದ್ದೆ ಎಂದು ಈಗ ಅನಿಸುತ್ತದೆ.

ಸ್ಕೂಲು ಶುರುವಾಗುವ ದಿನ ಹತ್ತಿರ ಬಂದರೂ ಅಮ್ಮ ಬರಲಿಲ್ಲ. ಎಡೆಯ ಮುಂದೆ ಕೊಟ್ಟ ಮಾತು, ಯಾವ ಮುಖ ಹೊತ್ತು ವಾಪಸು ಕೇಳುವುದು ಎಂದು ಅವಳು ಹಲಸೂರಿನಲ್ಲಿ ಒದ್ದಾಡುತ್ತಿದ್ದದ್ದು ನನಗೆ ಆಗ ಹೇಗೆ ಗೊತ್ತಾಗಬೇಕು? ಇಲ್ಲಿನ ಸ್ಕೂಲಿಗೇ ಸೇರಿಸೋಣ ಎಂದು ತಾತ ಹೇಳಿದರು. ಅಜ್ಜಿ ಒಳಗೆ ಹೋಗಿ ಮಡಿ ಸೀರೆ ಉಟ್ಟು ಬಂದಳು. ಎಲ್ಲಿಗೆ ಎಂದರು ತಾತ. ಹಲಸೂರಿಗೆ ಎಂದಳು. ಕೊಟ್ಟ ಮಾತು ಏನಾಯ್ತೇ ಎಂದು ಅವರು ಕೇಳಿದ್ದಕ್ಕೆ, ಕೊಟ್ಟಿದ್ದು ನನಗೆ ಕಣ್ರೀ, ನನ್ನ ಮೊಮ್ಮಗಳನ್ನ ಎಲ್ಲಿ ಓದುಸ್ಬೇಕು ಅಂತ ನಾನು ನೋಡ್ಕೋತೀನಿ ಎಂದು ನನ್ನ ಕೈ ಹಿಡಿದಳು. ತಾತ ನಮ್ಮ ಬಸ್ಸು ಕಾಣದಾಗುವ ತನಕ ಜಗಲಿಯಲ್ಲೇ ನಿಂತಿದ್ದರು.

ಮಗ ಬದುಕಿದ್ದಾಗಲೂ ಅಜ್ಜಿ ನಮ್ಮ ವಠಾರದ ಮನೆಗೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ಅವಳನ್ನು ಕಂಡು ಅಮ್ಮನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಅಜ್ಜಿ ಪರದೆ ಸರಿಸಿ ಅಡುಗೆಮನೆ ನೋಡಿದಳು, ಅಪ್ಪನ ಫೋಟೋ ನೋಡಿದಳು, ಕಾಫಿ ಕುಡಿದಳು. ಲೋಟ ಕೆಳಗಿಟ್ಟು, ಇವಳು ನನ್ನೋಳು, ಓದೋಕೆ ನಿನ್ನ ಹತ್ರ ಬಿಟ್ಟಿರ್ತೀನಿ, ರಜಾ ಬಂದ್ರೆ ನನಗೆ ಬೇಕು ಎಂದಳು. ಅಮ್ಮ ಬಗ್ಗಿ ಅವಳ ಕಾಲು ಹಿಡಿದುಕೊಂಡಳು. ಅಜ್ಜಿ ಸಾಕು ಏಳು ಎಂದು ಕೈ ಬಿಡಿಸಿಕೊಂಡು, ಹಾಲು ಕರೆಯುವ ಹೊತ್ತಾಯಿತೆಂದು ಹೊರಟೇಬಿಟ್ಟಳು. ಅಂದಿನಿಂದ ನನ್ನ ರಜೆಗಳೆಲ್ಲ ಕೆ.ಆರ್. ಪುರದಲ್ಲೇ ಕಳೆದವು, ಅವಳಿರುವ ತನಕ. ಮಂಜುವನ್ನು ಮತ್ತೆ ಯಾರೂ ಕೇಳಲಿಲ್ಲ.

ಆವತ್ತು ಅಜ್ಜಿ ಹೊರಟುಹೋದ ಮೇಲೆ ಅಮ್ಮ ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಲು ತೊಡಗಿದಳು. ಒಂದೊಂದೇ ಸಿಕ್ಕು ಬಿಡಿಸಿದಳು. ಕೊನೆಗೆ, ನನಗೆ ಸಮಾಧಾನವಾಗಲಿ ಎಂದೇ, ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೆ ಹೇಳಿದಳು.

‘ದೇವ್ರಾಣೆ ನಿನ್ನ ಬಿಡೋ ಮನಸ್ಸಿರ್ಲಿಲ್ಲ ಕಣೇ. ನೀನು ಹೆಣ್ಣು, ನಿನ್ನ ಬೇಡ ಅಂದೇ ಅಂತಾರೆ ಅಂತ ನಂಬ್ಕೊಂಡು ಹೇಳ್ಬಿಟ್ಟೆ.’

ಅವಳು ಹೇಳಿದ್ದು ನಿಜ. ನನ್ನನ್ನು ಬಿಡುವ ಮನಸ್ಸು ಅವಳಿಗಿರಲಿಲ್ಲ ಎನ್ನುವುದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಆದರೆ ನನ್ನನ್ನು ಯಾರೂ ಬಯಸುವುದಿಲ್ಲ ಎನ್ನುವುದರಲ್ಲಿ ಅವಳಿಗೂ ಸಂಶಯವಿರಲಿಲ್ಲ. ಒಂಬತ್ತು ವರ್ಷದ ಹುಡುಗಿಗೆ ಇಷ್ಟೆಲ್ಲ ಬಿಡಿಸಿ ಹೇಳಲು ಬರುತ್ತದೆಯೇ? ಬಂದದ್ದನ್ನು ಹೇಳಿದೆ.

‘ಅಜ್ಜಿ ಬೇಡ ಅನ್ಲಿಲ್ಲ.’

ಅಮ್ಮನ ಬಾಚಣಿಗೆ ಕೂದಲಿನಲ್ಲೇ ನಿಂತಿತು. ನಾನು ಹಿಂತಿರುಗಿ ನೋಡಲಿಲ್ಲ.